ಬೇವಿನ ಕಡೆಯ ಗೇಟು

ಶರಣಮ್ಮನಿಗೆ ಕೂಸುಗಳನ್ನು ಕಾಯುವ ಕೆಲಸ ಯಾರೂ ಕೊಟ್ಟದ್ದಲ್ಲ, ಸೊಂಟ ಕೊಟ್ಟದ್ದು. ಕಲಬುರಗಿ ಕಡೆಯಿಂದ ಪುಣೆಗೆ ಬಂದ ಹೊಸದರಲ್ಲಿ ಅವಳೂ ಎಲ್ಲರಂತೆ ಬುಟ್ಟಿ ಹೊತ್ತವಳೇ. ಯೆರವಡಾದ ಸುತ್ತ ಎದ್ದುನಿಂತಿರುವ ಗಾಜಿನ ಕಟ್ಟಡಗಳಲ್ಲಿ ಯಾವುದರ ಎಷ್ಟನೆಯ ಮಾಳಿಗೆಗೆ ತಾನು ಕಾಂಕ್ರೀಟು ಹೊತ್ತೆ ಎಂಬುದು ಅವಳಿಗೇ ನೆನಪಿಲ್ಲ. ಕಟ್ಟಡಗಳಿಗೆ ನೆನಪಿರುವ ಮಾತಂತೂ ದೂರ. ಸೊಂಟ ಬಿದ್ದ ಮೇಲೆ ವಸ್ತಿಯ ಹೆಣ್ಣುಮಕ್ಕಳು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ತಮ್ಮ ತಮ್ಮ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ ಹೋಗತೊಡಗಿದರು. ಸಂಜೆ ಬಂದು, ಎರಡು ರೊಟ್ಟಿಯೋ ಒಂದಿಷ್ಟು ಹಿಟ್ಟೋ ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದರು.

ವಸ್ತಿಯೆಂದರೆ ತಗಡಿನ ಮನೆಗಳು. ಮುಂದೆ ನೋಡಿದರೆ ಸಿಮೆಂಟಿನ ಲಾರಿ ಓಡಾಡುವ ರಸ್ತೆ, ಹಿಂದೆ ಒಂದು ಖಾಲಿ ಜಾಗ. ಊರಿನ ನಕ್ಷೆಯಲ್ಲಿ ಆ ಜಾಗಕ್ಕೆ ಉದ್ಯಾನವೆಂದು ಹಸಿರು ಬಣ್ಣ ಬಳಿದು ಎಷ್ಟೋ ಕಾಲವಾಗಿತ್ತಂತೆ. ನಕ್ಷೆಯ ಹಸಿರು ನೆಲಕ್ಕೆ ಇಳಿದಿರಲಿಲ್ಲ ಅಷ್ಟೆ. ನೆಲದಲ್ಲಿ ಜಾಲಿಯಿತ್ತು, ಒಡೆದ ಟೈಲ್ಸಿತ್ತು, ಹಂದಿಗಳಿದ್ದವು. ಮತ್ತೆ ವಸ್ತಿಯ ಕಡೆಯ ಅಂಚಿನಲ್ಲಿ ಒಂದು ಬೇವಿನ ಮರವಿತ್ತು. ತಗಡಿನ ಮನೆ ಹತ್ತು ಗಂಟೆಗೆಲ್ಲ ಹಂಚಿನಂತೆ ಕಾಯುವಾಗ ಶರಣಮ್ಮ ಕೂಸುಗಳನ್ನು ಕಟ್ಟಿಕೊಂಡು ಆ ಮರದ ಕೆಳಗೆ ಹೋಗಿ ಕೂರುತ್ತಿದ್ದಳು. ಟೊಂಗೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಎಳೆಯದನ್ನು ಅದರಲ್ಲಿ ಹಾಕಿ ತೂಗುತ್ತಿದ್ದಳು. ಅವಳ ಬದುಕೆಲ್ಲ ಆ ನೆರಳಿನ ಮೇಲೇ ನಿಂತಿತ್ತು.

ಎಳ್ಳಮಾವಾಸ್ಯೆ ಬಂದರೆ ಇಡೀ ವಸ್ತಿ ಆ ಮರದ ಕೆಳಗೇ. ಊರಿನಲ್ಲಿ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ, ಜೋಳದ ದಂಟಿನ ಪುಟ್ಟ ಗೂಡು ಕಟ್ಟಿ ಪೂಜೆ ಮಾಡಿ, ಭೂಮಿತಾಯಿಯ ಪಾಲಿನ ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹೊಟ್ಟೆಯಲ್ಲಿ ಬೆಳೆ ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸಿದ ಹಾಗೆ. ಪುಣೆಯಲ್ಲಿ ಹೊಲ ಎಲ್ಲಿಂದ ಬರಬೇಕು? ಈ ಜನಕ್ಕೆ ಸಿಕ್ಕ ಬರಿ ನೆಲವೆಂದರೆ ಆ ಜಾಲಿ ಮುಳ್ಳಿನ ಜಾಗ. ಅದು ಏನನ್ನೂ ಬೆಳೆಯುವುದಿಲ್ಲವೆಂದು ಗೊತ್ತಿದ್ದೂ ವರ್ಷಾ ವರ್ಷಾ ಅದಕ್ಕೆ ಉಣಿಸುತ್ತ ಬಂದಿದ್ದರು.

ಅಂಥ ಒಂದು ಎಳ್ಳಮಾವಾಸ್ಯೆಯ ದಿನವೇ ರಂಜಿನಿ ಬಂದಳು. ಖಾಲಿ ಜಾಗದ ಆಚೆಗೆ ಮೂರು ಟವರುಗಳ ಒಂದು ಸೊಸೈಟಿಯಿದೆ. ಅಲ್ಲಿನವರು ಪಾಲಿಕೆಯ ಬೆನ್ನು ಹತ್ತಿ ಓಡಾಡಿದ್ದರಿಂದ ಉದ್ಯಾನದ ಕೆಲಸ ಕೊನೆಗೂ ಮಂಜೂರಾಗಿತ್ತು. ಉದ್ಯಾನ ಹೇಗಿರಬೇಕು ಎಂದು ಸುತ್ತಲಿನ ಜನರನ್ನೆಲ್ಲ ಕೇಳಬೇಕಂತೆ. ಹಾಗೆ ಕೇಳುವ ತಂಡದಲ್ಲಿ ಈ ಹುಡುಗಿ. ಮಂಡ್ಯದ ಕಡೆಯವಳು, ಐಟಿ ಕಂಪನಿಯ ಕೆಲಸ, ಟವರಿನಲ್ಲಿ ಬಾಡಿಗೆಗಿದ್ದಳು. ಜೊತೆಯವರು ಮರಾಠಿಯಲ್ಲಿ, ಹಿಂದಿಯಲ್ಲಿ ಏನೋ ಕೇಳುತ್ತಿರುವಾಗ ಇವಳ ಕಿವಿಗೆ ಹೆಂಗಸರ ಮಾತು ಬಿತ್ತು.

"ಅಯ್ಯೋ, ನೀವು ಕನ್ನಡದವ್ರಾ ಅಜ್ಜಿ?" ಎಂದಳು.

ಅಷ್ಟೇ ಸಾಕಾಯಿತು. ಶರಣಮ್ಮನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಇಂಗ್ಲಿಷಿನ ಮಂದಿಯ ನಡುವಿನಿಂದ ಒಂದು ಹುಡುಗಿ ತನ್ನ ಭಾಷೆಯಲ್ಲಿ ಅಜ್ಜೀ ಎಂದದ್ದು ಆ ಊರಿಗೆ ಬಂದಾಗಿನಿಂದ ಅದೇ ಮೊದಲು. ಕೈಹಿಡಿದು ಕೂರಿಸಿದಳು. ಎಲೆ ಹಾಕಿದಳು. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ ಎಂದುಕೊಂಡಿದ್ದ ಹುಡುಗಿ, ಹಸಿ ಕಡಲೆ, ಅವರೆ, ತೊಗರಿ, ಸೊಪ್ಪುಗಳೆಲ್ಲ ಕೂಡಿ ಬೆಂದ ಆ ಗಟ್ಟಿ ಪಲ್ಯವನ್ನು ಸಜ್ಜೆಯ ಕಡುಬಿನ ಜೊತೆ ಬಾಯಿಗಿಟ್ಟು ಕಣ್ಣರಳಿಸಿದಳು. ಮತ್ತೆ ಮತ್ತೆ ಹಾಕಿಸಿಕೊಂಡಳು. ಪಾಂಡವರ ಕಲ್ಲುಗಳ ಮುಂದೆ ಶರಣಮ್ಮನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಳು. ಹೋಗುವಾಗ ಒಂದು ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಹೋದಳು.

ಆ ಮೇಲೆ ರಂಜಿನಿ ಆಗಾಗ ಬರತೊಡಗಿದಳು. ನಕ್ಷೆಯನ್ನು ನೆಲದ ಮೇಲೆ ಹಾಸಿ ತೋರಿಸಿದಳು: ಇಲ್ಲಿ ನಡೆಯುವ ದಾರಿ, ಇಲ್ಲಿ ಹುಲ್ಲು, ಇಲ್ಲಿ ಜಾರುಬಂಡೆ. ಬೇವಿನ ಮರ ಹಾಗೆಯೇ ಉಳಿಯುತ್ತದೆ, ಸುತ್ತ ಕಟ್ಟೆ ಕಟ್ಟುತ್ತಾರೆ. ಒಂದೇ ತೊಡಕು. ವಸ್ತಿಯ ಹಿಂದಿನ ಸಾಲಿನ ಮನೆಗಳು ಉದ್ಯಾನದ ಜಾಗಕ್ಕೆ ಚಾಚಿಕೊಂಡಿದ್ದವು. ಅವನ್ನು ಕಿತ್ತು ಮುಂದೆ ಸರಿಸಬೇಕು. ಜನ ತಾವಾಗಿಯೇ ಸರಿದರೆ ಗಲಾಟೆಯಿಲ್ಲದೆ ಕೆಲಸವಾಗುತ್ತದೆ. ಅದಕ್ಕೆ ಬದಲಾಗಿ ಬೇವಿನ ಕಡೆ ವಸ್ತಿಗೆಂದೇ ಒಂದು ಸಣ್ಣ ಗೇಟು. ದೊಡ್ಡ ಗೇಟು ಬೆಳಗ್ಗೆ, ಸಂಜೆ ಮಾತ್ರ ತೆರೆದರೂ ಈ ಗೇಟು ಮಕ್ಕಳಿಗಾಗಿ ಹಗಲೆಲ್ಲ ತೆರೆದಿರುತ್ತದೆ.

"ನಾನ್ ಮಾತಾಡಿದೀನಿ ಅಜ್ಜಿ, ಎಲ್ರೂ ಒಪ್ಪಿದಾರೆ. ಪಾರ್ಕ್ ಎಲ್ಲರದ್ದೂ ತಾನೆ?" ಎಂದಳು ರಂಜಿನಿ.

ಸರಿಯಬೇಕಾದ ಮನೆಗಳಲ್ಲಿ ಮೊದಲನೆಯದು ಹುಲಿಗೆವ್ವನದು. ಹುಲಿಗೆವ್ವ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ; ಬಾಯಿ ಜೋರು, ಲೆಕ್ಕ ಪಕ್ಕಾ. ಮನೆ ಕಿತ್ತ ಮೇಲೆ ಗೇಟು ಮುಚ್ಚಿದರೆ ಏನು ಮಾಡುವುದೆಂದು ಕೇಳಿದಳು. ಶರಣಮ್ಮ ಅವಳ ಹೊಸಿಲಲ್ಲಿ ಕೂತು ಸಂಜೆಯಿಡೀ ತಿಳಿಹೇಳಿದಳು. ಕೊನೆಗೆ ಅಂದಳು, "ಆ ಹುಡುಗಿ ನಮ್ಮ ಮಾತಿನಾಕಿ ಅದಾಳ. ನಮ್ಮ ಎಲ್ಯಾಗ ಉಂಡಾಳ. ಉಂಡಾಕಿ ಮೋಸ ಮಾಡಂಗಿಲ್ಲ. ನನ್ನ ಮಾರಿ ನೋಡು, ನಾ ಹೇಳ್ತೀನಿ."

ಹುಲಿಗೆವ್ವ ಶರಣಮ್ಮನ ಮುಖ ನೋಡಿಯೇ ಮನೆ ಕಿತ್ತಳು. ಅವಳ ಹಿಂದೆ ಉಳಿದವರೂ ಕಿತ್ತರು. ತಗಡು ಬಿಚ್ಚಿ, ಕಂಬ ಕಿತ್ತು, ಲಾರಿ ರಸ್ತೆಯ ಅಂಚಿಗೆ ಮೊದಲೇ ಇಕ್ಕಟ್ಟಾಗಿದ್ದ ಮನೆಗಳ ಸಂದಿಯಲ್ಲಿ ತೂರಿಕೊಂಡರು. ಅವರನ್ನು ಯಾರೂ ಪೊಲೀಸರನ್ನು ಕರೆಸಿ ಎಬ್ಬಿಸಲಿಲ್ಲ. ಜನರ ಸಹಭಾಗಿತ್ವದಿಂದ ಆದ ಉದ್ಯಾನವೆಂದು ಮುಂದೆ ಬೋರ್ಡು ಹಾಕುವುದಕ್ಕೆ ಅದರಿಂದ ಬಲು ಅನುಕೂಲವಾಯಿತು.

ಉದ್ಯಾನವಂತೂ ಚಂದವಾಗಿಯೇ ಆಯಿತು. ಮಾಜಿ ನಗರಸೇವಕರು, ಅಂದರೆ ಕಾರ್ಪೊರೇಟರು, ಬಂದು ತೆಂಗಿನಕಾಯಿ ಒಡೆದರು. ಬೇವಿನ ಸುತ್ತ ಕಟ್ಟೆ ಎದ್ದಿತು, ಹೇಳಿದ ಹಾಗೆ ಗೇಟೂ ಆಯಿತು. ಶರಣಮ್ಮ ದಿನವೂ ಕೂಸುಗಳ ದಂಡು ಕಟ್ಟಿಕೊಂಡು ಆ ಗೇಟಿನಿಂದ ಒಳಗೆ ಹೋಗುವಾಗ ಹುಲಿಗೆವ್ವನ ಕಡೆ ಒಮ್ಮೆ ನೋಡುತ್ತಿದ್ದಳು, ಹೇಗೆ ಎನ್ನುವ ಹಾಗೆ. ಟವರಿನ ಕೆಲವರು ಮೂಗು ಮುರಿದರು ನಿಜ. ಜೋಳಿಗೆ ಕಟ್ಟಬಾರದೆಂದು ಬಿಚ್ಚಿಸಿದರು, ಮಕ್ಕಳು ಹುಲ್ಲಿನ ಮೇಲೆ ಉಚ್ಚೆ ಹೊಯ್ದರೆ ಫೋಟೋ ತೆಗೆದರು. ಅದೇ ಹುಲ್ಲಿನ ಮೇಲೆ ಅವರ ನಾಯಿಗಳು ಮಾಡುತ್ತಿದ್ದುದು ಏನೆಂದು ಶರಣಮ್ಮ ಕೇಳಲು ಹೋಗಲಿಲ್ಲ. ಗೇಟು ತೆರೆದಿದ್ದರೆ ಸಾಕು ಎಂದು ನುಂಗಿಕೊಂಡಳು. ಕಾವಲಿಗಿದ್ದ ಅಂಬಾದಾಸ ಲಾತೂರಿನ ಕಡೆಯವನು, ತಾನೂ ಮಕ್ಕಳಿದ್ದವನು. ಮಧ್ಯಾಹ್ನ ನೀರಿನ ನಲ್ಲಿಯನ್ನು ಕಂಡೂ ಕಾಣದ ಹಾಗೆ ತೆರೆದುಬಿಡುತ್ತಿದ್ದ.

ಮತ್ತೆ ಎಳ್ಳಮಾವಾಸ್ಯೆ ಬಂತು. ಈ ಸಲ ಬೇಡ, ಅಲ್ಲಿ ಈಗ ಅವರ ರಾಜ್ಯ ಎಂದಳು ಹುಲಿಗೆವ್ವ. ಶರಣಮ್ಮ ಕೇಳಲಿಲ್ಲ. ಹೋದ ವರ್ಷ ಆ ಹುಡುಗಿಯೇ ಬಂದು ಉಂಡು ಫೋಟೋ ತೆಗೆಸಿಕೊಂಡಿದ್ದಾಳೆ, ಅಂದ ಮೇಲೆ ಟವರಿನವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ ಎಂಬುದು ಅವಳ ಎಣಿಕೆ. ಒಬ್ಬರ ಮನೆಯವರು ಉಂಡರೆ ಊರಿಗೇ ತಿಳಿಯುವ ಊರಿನಿಂದ ಬಂದವಳು ಅವಳು. ಅಕ್ಕಪಕ್ಕದ ಬಾಗಿಲಿನವರ ಹೆಸರೂ ಗೊತ್ತಿಲ್ಲದ ಕಟ್ಟಡಗಳನ್ನು ಕಟ್ಟಿದ್ದಳೇ ಹೊರತು ಅವುಗಳೊಳಗೆ ಬದುಕಿ ಗೊತ್ತಿರಲಿಲ್ಲ. ಮಗ ಮನೋಹರನಿಂದ ರಂಜಿನಿಗೆ ಫೋನು ಮಾಡಿಸಿ ಊಟಕ್ಕೆ ಕರೆದಳು. ಖಂಡಿತ ಬರ್ತೀನಿ ಅಜ್ಜಿ ಎಂದವಳು ಬರಲಿಲ್ಲ. ಆಫೀಸಿನ ಕೆಲಸವಂತೆ.

ಮಧ್ಯಾಹ್ನ ದೊಡ್ಡ ಗೇಟು ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ಹೂವಿನ ಪಾತಿಯ ಅಂಚಿಗೆ ಇಟ್ಟಿದ್ದ ಕಲ್ಲುಗಳಲ್ಲೇ ಐದನ್ನು ತಂದು ಸುಣ್ಣ ಬಳಿದು, ಅರಿಶಿನ ಕುಂಕುಮ ಹಚ್ಚಿ ಬೇವಿನ ಬುಡದಲ್ಲಿ ಕೂರಿಸಿದರು. ದಂಟಿನ ಗೂಡು ಕಟ್ಟಿದರು. ಗಂಡಸರು ಕೂಗು ಹಾಕುತ್ತ, ನಡೆಯುವ ದಾರಿಯುದ್ದಕ್ಕೂ ಸುತ್ತು ಬಂದು, ಹುಲ್ಲಿನ ಮೇಲೆ ಚರಗ ಚೆಲ್ಲಿದರು. ಎಷ್ಟೋ ವರ್ಷ ಮುಳ್ಳಿಗೆ ಚೆಲ್ಲಿದ್ದವರಿಗೆ ಹಸಿರಿನ ಮೇಲೆ ಚೆಲ್ಲುವಾಗ ಕಣ್ಣು ತುಂಬಿತು. ಅಂಬಾದಾಸನೂ ಒಂದು ಎಲೆ ಉಂಡ. ತಮ್ಮ ಊರಿನಲ್ಲೂ ಇದೇ ಹಬ್ಬ, ಇದೇ ಐದು ಕಲ್ಲು ಎಂದು ಖುಷಿಪಟ್ಟ. ಅಂದು ಶರಣಮ್ಮನಿಗೆ ಈ ಊರು ತನ್ನದೂ ಅನ್ನಿಸಿತ್ತು.

ಸಂಜೆ ವಾಕಿಂಗಿಗೆ ಬಂದವರು ಕಂಡದ್ದು ಇಷ್ಟು: ಅಮಾವಾಸ್ಯೆ, ಮರದ ಬುಡದಲ್ಲಿ ಸುಣ್ಣ ಕುಂಕುಮ ಮೆತ್ತಿದ ಕಲ್ಲು, ಹುಲ್ಲಿನ ತುಂಬ ಚೆಲ್ಲಿದ ಅನ್ನ. ಒಬ್ಬಾಕೆಯ ನಾಯಿ ಕಡುಬು ತಿಂದು ವಾಂತಿ ಮಾಡಿಕೊಂಡಿತು. ಕತ್ತಲಾಗುವಷ್ಟರಲ್ಲಿ ಫೋಟೋಗಳು ಮೂರು ಟವರಿನ ಎಲ್ಲ ಫೋನುಗಳಿಗೂ ಹೋಗಿದ್ದವು, ಜೊತೆಗೆ ಒಂದೇ ಮಾತು: ಕರಣಿ. ಅಂದರೆ ಮಾಟ. ಇಂಥವರನ್ನು ಮಕ್ಕಳಾಡುವ ಜಾಗಕ್ಕೆ ಬಿಟ್ಟದ್ದೇ ತಪ್ಪು ಎಂದು ಓದಿದವರು, ವಿಜ್ಞಾನದ ಪದವಿ ಪಡೆದವರು ಬರೆದರು.

ಭಾನುವಾರ ಉದ್ಯಾನದಲ್ಲೇ ಸಭೆ ಸೇರಿತು. ಟವರಿನವರು ಬೆಂಚುಗಳ ಮೇಲೆ, ಶರಣಮ್ಮ ಮತ್ತು ಹುಲಿಗೆವ್ವ ಎದುರಿಗೆ ನಿಂತು. ಸೊಸೈಟಿಯ ಚೇರ್ಮನ್ ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆಯೇ ಗೇಟಿನ ವಿಷಯ ತೆಗೆದ. ಇಂಥದ್ದು ನಡೆಯುವುದಾದರೆ ಆ ಗೇಟನ್ನು ಮುಚ್ಚಿ ಗೋಡೆ ಎತ್ತಬೇಕಾಗುತ್ತದೆ, ಪಾಲಿಕೆಯವರೂ ಒಪ್ಪಿದ್ದಾರೆ ಎಂದ. ಶರಣಮ್ಮ ತನ್ನ ಮರಾಠಿಯಲ್ಲಿ ಬಿಡಿಸಿ ಹೇಳಿದಳು: ಇದು ಮಾಟವಲ್ಲ, ಭೂಮಿತಾಯಿಯ ಊಟ, ಯಾರಿಗೂ ಕೆಡುಕು ಬಯಸಿದ್ದಲ್ಲ. ಕಲ್ಲು ತೊಳೆದು ಇದ್ದಲ್ಲೇ ಇಟ್ಟಿದ್ದೇವೆ, ಚೆಲ್ಲಿದ್ದನ್ನು ನಾವೇ ಗುಡಿಸುತ್ತೇವೆ. ಯಾರ ಮುಖವೂ ಸಡಿಲಾಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಅಂಬಾದಾಸ ಬಾಯಿಬಿಟ್ಟ. ಸಾಹೇಬ್, ನಮ್ಮ ಲಾತೂರಿನಲ್ಲೂ ಹೀಗೆಯೇ ಮಾಡುತ್ತಾರೆ ಎಂದ. ನಿನ್ನನ್ನು ಯಾರು ಕೇಳಿದರು, ಹೋಗಿ ಗೇಟಿನ ಹತ್ತಿರ ನಿಲ್ಲು ಎಂದ ಚೇರ್ಮನ್, ಅದನ್ನೂ ಮೆತ್ತಗೆಯೇ.

ಆಗ ಶರಣಮ್ಮ ರಂಜಿನಿಯ ಕಡೆ ಕೈ ಮಾಡಿದಳು. ಎರಡನೆಯ ಬೆಂಚಿನಲ್ಲಿ ಅವಳು ಫೋನಿನಲ್ಲಿ ತಲೆ ಹುದುಗಿಸಿ ಕೂತಿದ್ದಳು.

"ಈ ಹುಡುಗಿನ್ನ ಕೇಳ್ರಿ. ಆಕಿ ನಮ್ಮ ಕಡೀದಾಕಿ. ಆಕಿಗೆ ಎಲ್ಲಾ ಗೊತ್ತದ," ಎಂದಳು. ಅವಸರದಲ್ಲಿ ಕನ್ನಡದಲ್ಲೇ ಅಂದುಬಿಟ್ಟು ಮತ್ತೆ ಮರಾಠಿಯಲ್ಲಿ ಹೇಳಿದಳು.

ಎಲ್ಲರೂ ರಂಜಿನಿಯ ಕಡೆ ತಿರುಗಿದರು. ನಿಮ್ಮ ಕರ್ನಾಟಕದಲ್ಲಿ ಇಂಥ ಪದ್ಧತಿ ಇದೆಯೇ ಎಂದು ಚೇರ್ಮನ್ ಹಿಂದಿಯಲ್ಲಿ ಕೇಳಿದ. ಅವನ ದನಿಯಲ್ಲಿ ಸಣ್ಣ ನಗುವಿತ್ತು, ನೀನೂ ಇವರ ಪೈಕಿಯೇ ಎನ್ನುವ ಹಾಗೆ. ರಂಜಿನಿಯ ಕಿವಿ ಕೆಂಪಾಯಿತು. ಹೋದ ವರ್ಷದ ಫೋಟೋ ಅವಳ ಕೈಯಲ್ಲಿದ್ದ ಅದೇ ಫೋನಿನಲ್ಲಿತ್ತು. ಒಂದು ಬೆರಳು ಆಡಿಸಿ ತೋರಿಸಿದ್ದರೆ ಮುಗಿಯುತ್ತಿತ್ತು.

"ನಹೀ ಅಂಕಲ್, ಹಮಾರೆ ಯಹಾಂ ಐಸಾ ಕುಛ್ ನಹೀ ಹೋತಾ," ಎಂದಳು. ನಮ್ಮಲ್ಲಿ ಇಂಥದ್ದೇನೂ ಇಲ್ಲ.

ಸಭೆ ಅಲ್ಲಿಗೆ ಮುಗಿಯಿತು. ಜನ ಚದುರುವಾಗ ರಂಜಿನಿ ಶರಣಮ್ಮನ ಬಳಿ ಬಂದು ದನಿ ತಗ್ಗಿಸಿದಳು. "ಅಜ್ಜಿ, ನಾನ್ ಸುಳ್ಳು ಹೇಳಿಲ್ಲ. ನಮ್ ಮಂಡ್ಯ ಸೈಡ್ ನಿಜವಾಗ್ಲೂ ಈ ಹಬ್ಬ ಇಲ್ಲ. ಗೇಟ್ ವಿಷ್ಯ ನಾನ್ ಆಮೇಲೆ ಮಾತಾಡ್ತೀನಿ, ಪ್ರಾಮಿಸ್."

ಸುಳ್ಳು ಹೇಳಿರಲಿಲ್ಲ, ಅದೂ ನಿಜವೇ. ಸುಳ್ಳಾಡಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಇಂಥ ನಿಜಕ್ಕೆ ಏನೆಂದು ಬೈಯುವುದು? ಶರಣಮ್ಮ ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು. ಹುಲಿಗೆವ್ವ ಪಕ್ಕದಲ್ಲೇ ಬಂದಳು.

ಉದ್ಯಾನ ಮಾಡಲು ಅಷ್ಟು ವರ್ಷ ಬೇಕಾಗಿತ್ತು, ಗೋಡೆಗೆ ವಾರವೂ ಬೇಕಾಗಲಿಲ್ಲ. ಗೇಟು ಕಿತ್ತು ಆಳೆತ್ತರದ ಗೋಡೆ ಎಬ್ಬಿಸಿ, ಮೇಲೆ ಗಾಜಿನ ಚೂರು ನೆಟ್ಟರು. ಅಂಬಾದಾಸನ ಜಾಗಕ್ಕೆ ಬೇರೆ ಕಾವಲುಗಾರ ಬಂದ. ದೊಡ್ಡ ಗೇಟಿಗೆ ಹೋಗಬೇಕೆಂದರೆ ಲಾರಿ ರಸ್ತೆಯಲ್ಲಿ ಸುತ್ತಿ ಹೋಗಬೇಕು, ಹೋದರೂ ಬಿಸಿಲಿರುವ ಹೊತ್ತಿನಲ್ಲಿ ಅದು ಮುಚ್ಚಿರುತ್ತದೆ. ಬೇವಿನ ನೆರಳು ಮಧ್ಯಾಹ್ನವೆಲ್ಲ ಆಚೆ ಕಡೆ, ಖಾಲಿ ಕಟ್ಟೆಯ ಮೇಲೆ. ಇಳಿಹೊತ್ತಿಗೆ ಗೋಡೆ ದಾಟಿ ವಸ್ತಿಗೆ ಬರುತ್ತಿತ್ತು, ತಾಯಂದಿರು ಕೆಲಸದಿಂದ ಮರಳಿ ಯಾರಿಗೂ ನೆರಳು ಬೇಡವಾದ ಮೇಲೆ.

ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂಸುಗಳು ಬೆವರುಸಾಲೆಯೆದ್ದು ಚೀರಿದವು. ಒಬ್ಬೊಬ್ಬರಾಗಿ ತಾಯಂದಿರು ತಮ್ಮ ಮಕ್ಕಳನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗತೊಡಗಿದರು. ಹುಲಿಗೆವ್ವನ ಮೊಮ್ಮಗಳು ಭುವನೇಶ್ವರಿ ಅಲ್ಲಿ ಆಡುತ್ತ ಆಡುತ್ತ ಸಲಾಕೆ ತುಳಿದಳು. ಕಾಲು ಬಾತು, ಕೀವಾಗಿ, ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. ಈಗ ಆ ಕೂಸು ಒಂದು ಕಡೆಗೆ ವಾಲಿ ನಡೆಯುತ್ತದೆ. ಅಷ್ಟಾದರೂ ಹುಲಿಗೆವ್ವ ಶರಣಮ್ಮನಿಗೆ ಎದುರಾಡಲಿಲ್ಲ. ನೀನೇ ಅಲ್ಲವೇ ನಿನ್ನ ಮುಖ ನೋಡೆಂದವಳು ಎಂದು ಬೀದಿಯಲ್ಲಿ ನಿಂತು ಬೈದಿದ್ದರೆ ಶರಣಮ್ಮ ಕಾಲಿಗೆ ಬಿದ್ದು ಹಗುರಾಗುತ್ತಿದ್ದಳು. ಬಾಯಿ ಜೋರಿನ ಹೆಂಗಸು ಬಾಯಿ ಮುಚ್ಚಿಕೊಂಡು ಎದುರಿಂದ ಹಾದುಹೋಗುವುದನ್ನು ದಿನಾ ನೋಡುವುದಿದೆಯಲ್ಲ, ಅದು ಅವಳನ್ನು ಸುಟ್ಟಿತು. ಮನೆಯಲ್ಲಿ ಈಗ ಕೂಸಿಲ್ಲ, ಹಗಲೆಲ್ಲ ಗೋಡೆ ನೋಡುವುದೊಂದೇ ಕೆಲಸ.

ಆ ಚಳಿಗಾಲದ ಎಳ್ಳಮಾವಾಸ್ಯೆಯ ಬೆಳಗ್ಗೆ ರಂಜಿನಿ ಬಂದಳು. ಗೋಡೆಯಾದ ಮೇಲೆ ವಸ್ತಿಯ ಕಡೆ ಅವಳ ನೆರಳೂ ಬಿದ್ದಿರಲಿಲ್ಲ. ಶರಣಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸಿದ ಸಿಪ್ಪೆ ಗುಡಿಸುತ್ತಿದ್ದಳು. ಹುಲಿಗೆವ್ವ ಒಳಗೆ ಒಲೆಯ ಮುಂದಿದ್ದಳು. ಹಬ್ಬವನ್ನು ಒಬ್ಬೊಬ್ಬರೇ ಮಾಡಲಾಗದೆಂದು ತಾನಾಗಿಯೇ ಸೊಪ್ಪು ಹಿಡಿದುಕೊಂಡು ಬಂದಿದ್ದಳು. ವರ್ಷದಲ್ಲಿ ಅವಳು ಆ ಹೊಸಿಲು ದಾಟಿದ್ದು ಅದೇ ಮೊದಲು.

ಹುಡುಗಿ ಕೂರಲಿಲ್ಲ. ನಿಂತೇ ಹೇಳಿದಳು. ಉದ್ಯಾನಕ್ಕೆ ವರ್ಷ ತುಂಬಿದ್ದಕ್ಕೆ ಭಾನುವಾರ ದೊಡ್ಡ ಉತ್ಸವ. ಬೇರೆ ಬೇರೆ ರಾಜ್ಯದವರು ತಮ್ಮ ತಮ್ಮ ಕಡೆಯ ಅಡುಗೆ ಇಡುತ್ತಾರೆ. ಕರ್ನಾಟಕದ ಮೇಜಿಗೆ ದೋಸೆ, ಇಡ್ಲಿ ಎಲ್ಲರಿಗೂ ಗೊತ್ತಿರುವುದೇ ಆಯಿತು. ಚೇರ್ಮನ್ನರೇ ಏನಾದರೂ ಹಳ್ಳಿಯ ಸೊಗಡಿನದು ಇರಲಿ ಎಂದಿದ್ದಾರೆ. ಬೇವಿನ ಕಟ್ಟೆಯ ಮೇಲೆಯೇ ಒಲೆ ಹೂಡಬಹುದು, ಶರಣಮ್ಮನಿಗೆ ದೊಡ್ಡ ಗೇಟಿನಿಂದ ಬರಲು ಪಾಸು ಮಾಡಿಸುತ್ತಾಳೆ.

"ನೀವು ಮಾಡಿದ್ರಲ್ಲ ಅಜ್ಜಿ, ಆ ಭಜ್ಜಿ, ಕಡುಬು. ಅದನ್ನ ಮಾಡ್ಕೊಡಿ ಪ್ಲೀಸ್. ಎಲ್ರಿಗೂ ತುಂಬಾ ಇಷ್ಟ ಆಗತ್ತೆ."

ಒಳಗಿನಿಂದ ಬೇಯುತ್ತಿರುವ ಭಜ್ಜಿಯ ವಾಸನೆ ಬಾಗಿಲು ತುಂಬಿ ಬರುತ್ತಿತ್ತು. ಹುಡುಗಿಗೂ ಅದು ತಿಳಿದಿತ್ತು. ಮಾತಿನ ನಡುವೆ ಒಮ್ಮೆ ಉಗುಳು ನುಂಗಿದಳು. ಒಲೆಯ ಮುಂದೆ ಸೌಟಿನ ಸದ್ದು ನಿಂತಿತು.

ಶರಣಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ರಂಜಿನಿಯ ಮುಖವನ್ನು ನೆಟ್ಟಗೆ ನೋಡಿದಳು.

"ಇಲ್ಲವ್ವಾ. ನಮ್ಮ ಕಡಿ ಹಂತಾದು ಏನೂ ಇಲ್ಲ," ಎಂದಳು.

ರಂಜಿನಿ ಬಾಗಿಲೊಳಗೆ ಒಮ್ಮೆ ಇಣುಕಿದಳು. ಆಮೇಲೆ ತಲೆ ತಗ್ಗಿಸಿ, ಸಿಪ್ಪೆಯನ್ನು ದಾಟಿಕೊಂಡು, ಲಾರಿ ರಸ್ತೆಯ ಕಡೆ ಹೋದಳು.

ಅವಳು ಮರೆಯಾಗುವ ತನಕ ಶರಣಮ್ಮ ನಿಂತೇ ಇದ್ದಳು. ಕೊಡಬೇಕಾದ್ದನ್ನು ಕೊಟ್ಟಂತಾಗಿತ್ತು, ಆದರೆ ಸಮಾಧಾನ ಎಂಬುದು ಹತ್ತಿರ ಸುಳಿಯಲಿಲ್ಲ. ಅವ್ವ, ಅವ್ವನ ಅವ್ವ ಮಾಡಿಕೊಂಡು ಬಂದ ಹಬ್ಬವನ್ನು ತನ್ನ ಬಾಯಿಂದಲೇ ಇಲ್ಲವೆಂದಿದ್ದಳು, ಅದೂ ಹಬ್ಬದ ದಿನವೇ. ನಾಲಗೆಯ ಮೇಲೆ ಹಸಿ ಬೇವು ಜಗಿದ ಕಹಿ.

ಮಧ್ಯಾಹ್ನ ಅಡುಗೆಯೆಲ್ಲ ಆಗಿ, ಭೂಮಿತಾಯಿಯ ಪಾಲನ್ನು ಬೇರೆ ತೆಗೆದು ಬುಟ್ಟಿಯಲ್ಲಿಟ್ಟರು. ಗಂಡಸರು ಬುಟ್ಟಿ ಎತ್ತಿಕೊಂಡು ಹೊರಗೆ ಬಂದು ನಿಂತರು. ಮುಂದೆ ಡಾಂಬರು. ಮನೆಗಳ ಸಂದಿಯಲ್ಲಿ ತಾವೇ ಹಾಕಿದ ಸಿಮೆಂಟು. ಹಿಂದೆ ಗೋಡೆ. ಮನೋಹರ ಗೋಡೆಯ ಮೇಲಿನಿಂದ ಆಚೆ ಎಸೆದುಬಿಡುವೆನೆಂದ. ಬೇಡ, ಮತ್ತೆ ಫೋಟೋ ತೆಗೆಯುತ್ತಾರೆ ಎಂದು ಯಾರೋ ತಡೆದರು. ಬುಟ್ಟಿ ಹೊತ್ತವರು ಅತ್ತ ಇತ್ತ ನೋಡಿ, ಕೂಗು ಹಾಕದೆ ಒಳಗೆ ಬಂದರು.

ಹುಲಿಗೆವ್ವ ಬುಟ್ಟಿಯನ್ನು ಇಸಿದುಕೊಂಡು ಎಲೆಗಳ ಮುಂದೆ ಕೂತಳು. ಕುಂಟುತ್ತ ಬಂದ ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಅದರಿಂದ ಒಂದು ಕಡುಬು ತೆಗೆದು ಅವಳ ಎಲೆಗೆ ಹಾಕಿದಳು. ಇನ್ನೊಂದನ್ನು ಶರಣಮ್ಮನ ಎಲೆಗೆ ಹಾಕಿದಳು.

"ಉಣ್ಣು," ಎಂದಳು. "ಆ ತಾಯಿಗಿ ಕೊಡ್ಲಿಕ್ಕ ಜಾಗಾ ಇಲ್ಲ."

ಆ ವರ್ಷ ಭೂಮಿತಾಯಿಯ ಪಾಲನ್ನು ಅವರೇ ಉಂಡರು.